ಚಾರ್ಜರ್ ಮೇಲಿನ ಸಂಖ್ಯೆ, ಬ್ಯಾಟರಿಯ ಮರ್ಜಿ

ವಿದ್ಯುತ್ ಕಾರು ಕೊಳ್ಳಲು ಹೊರಟ ಸ್ನೇಹಿತರು ನನ್ನನ್ನು ಮೊದಲು ಕೇಳುವುದು, ಆ ಕಾರು ಎಷ್ಟು ಕಿಲೋವ್ಯಾಟ್‌ನಲ್ಲಿ ಚಾರ್ಜ್ ಆಗುತ್ತದೆ ಎಂದು. ಕೆಲವು ವರ್ಷಗಳಿಂದ ಇಂಥ ಕಾರನ್ನೇ ಓಡಿಸುತ್ತಿರುವ ನನಗೆ, ಈ ಪ್ರಶ್ನೆಗೆ ಕಂಪನಿಗಳು ಕೊಡುವ ಉತ್ತರ ಸುಳ್ಳಲ್ಲದಿದ್ದರೂ ಹೆಚ್ಚು ಉಪಯೋಗಕ್ಕೆ ಬಾರದ್ದು ಅನ್ನಿಸುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು, ಬ್ಯಾಟರಿ ಹದವಾಗಿ ಬಿಸಿಯಾಗಿದ್ದು ಬಹುತೇಕ ಖಾಲಿ ಇರುವಾಗ ಅದು ಸ್ವಲ್ಪ ಹೊತ್ತು ಮುಟ್ಟುವ ಗರಿಷ್ಠ ಸಂಖ್ಯೆ. ಶೇ. 10ರಿಂದ ಶೇ. 80ಕ್ಕೆ ಹೋಗುವಷ್ಟರಲ್ಲಿ ಆ ವೇಗ ಎಲ್ಲಿ ಕುಸಿಯುತ್ತದೆ, ಎಷ್ಟು ಕುಸಿಯುತ್ತದೆ ಎಂಬ ರೇಖೆಯನ್ನು ಅಚ್ಚು ಹಾಕುವವರು ಅಪರೂಪ. ನಮ್ಮ ಕಾಯುವ ಸಮಯವನ್ನು ನಿರ್ಧರಿಸುವುದು ಆ ರೇಖೆಯೇ.

ಒಂದು ಚಳಿಯ ಮುಂಜಾನೆ, 150 ಕಿಲೋವ್ಯಾಟ್ ಎಂದು ಬರೆದಿದ್ದ ಚಾರ್ಜರಿಗೆ ಕಾರನ್ನು ಜೋಡಿಸಿದಾಗ ಪರದೆಯ ಮೇಲೆ ಕಂಡದ್ದು 34. ಯಂತ್ರ ಕೆಟ್ಟಿದೆಯೆಂದು ಶಪಿಸುತ್ತಾ ಪಕ್ಕದ ಗನ್ನಿಗೆ (ಕಾರಿಗೆ ಸಿಕ್ಕಿಸುವ ಕೇಬಲ್ಲಿನ ಹಿಡಿಗೆ) ಬದಲಾಯಿಸಿದೆ, ಅಲ್ಲಿಯೂ ಅಷ್ಟೇ. ರಾತ್ರಿಯಿಡೀ ಬಯಲಿನಲ್ಲಿ ನಿಂತು ಬ್ಯಾಟರಿ ತಣ್ಣಗಾಗಿತ್ತು ಎಂಬುದು ನನಗೆ ಹೊಳೆಯಲು ಅರ್ಧ ಗಂಟೆ ಬೇಕಾಯಿತು. ಬ್ಯಾಟರಿಗೆ ನೇರವಾಗಿ ವಿದ್ಯುತ್ ಹರಿಸುವ ಇಂಥ ವೇಗದ ಚಾರ್ಜರ್, ಅಂದರೆ ಡಿಸಿ ಚಾರ್ಜರ್, ಕೇಳಿದಷ್ಟನ್ನು ಕೊಡುವ ಯಂತ್ರ. ಎಷ್ಟು ಕೇಳಬೇಕೆಂದು ತೀರ್ಮಾನಿಸುವುದು ಕಾರಿನೊಳಗಿನ ಬ್ಯಾಟರಿ ನಿರ್ವಹಣಾ ವ್ಯವಸ್ಥೆ.

ಆ ವ್ಯವಸ್ಥೆಯ ಜಿಪುಣತನಕ್ಕೆ ಕಾರಣವಿದೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಬ್ಯಾಟರಿಯ ಋಣಧ್ರುವದಲ್ಲಿರುವ ಗ್ರಾಫೈಟಿನ ಪದರಗಳ ನಡುವೆ ಹೋಗಿ ಸೇರಬೇಕು. ಚಳಿಯಲ್ಲಿ ಈ ಚಲನೆ ಮಂದವಾಗುತ್ತದೆ. ಆಗಲೂ ಬಲವಂತದಿಂದ ವಿದ್ಯುತ್ತನ್ನು ತುರುಕಿದರೆ, ಒಳಗೆ ಹೋಗಲಾರದ ಲಿಥಿಯಂ ಗ್ರಾಫೈಟಿನ ಮೇಲ್ಮೈಯಲ್ಲಿಯೇ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿಕೊಂಡದ್ದರಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ತಗ್ಗುತ್ತದೆ, ವಿಪರೀತಕ್ಕೆ ಹೋದರೆ ಅದು ಸೂಜಿಯಂತೆ ಬೆಳೆದು ಸೆಲ್ಲಿನ ಒಳಗೇ ಶಾರ್ಟ್ ಆಗುವ ಅಪಾಯವೂ ಉಂಟು. ಬ್ಯಾಟರಿ ತುಂಬುತ್ತಾ ಬಂದಾಗಲೂ ಸಮಸ್ಯೆ ಹೆಚ್ಚುಕಡಿಮೆ ಇದೇ: ಪದರಗಳಲ್ಲಿ ಖಾಲಿ ಜಾಗ ಕಡಿಮೆ, ಸೆಲ್ಲಿನ ವೋಲ್ಟೇಜು ಮಿತಿಯ ಹತ್ತಿರ, ಆದ್ದರಿಂದ ಕರೆಂಟನ್ನು ಇಳಿಸಲೇಬೇಕು. ಶೇ. 80 ದಾಟಿದ ಮೇಲೂ ಗನ್ನು ಸಿಕ್ಕಿಸಿಕೊಂಡು ನೂರು ತುಂಬುವುದನ್ನೇ ಕಾಯುವವರು ತಮ್ಮ ಸಮಯವನ್ನೂ, ಹಿಂದೆ ಸರದಿಯಲ್ಲಿ ನಿಂತವರ ಸಮಯವನ್ನೂ ಕಳೆಯುತ್ತಾರೆ. ದೂರದ ಪ್ರಯಾಣದಲ್ಲಿ ಒಂದು ದೀರ್ಘ ನಿಲುಗಡೆಗಿಂತ, ಶೇ. 10ರ ಆಸುಪಾಸಿನಲ್ಲಿ ತಲುಪಿ ಶೇ. 70ಕ್ಕೆ ಹೊರಟುಬಿಡುವ ಎರಡು ಸಣ್ಣ ನಿಲುಗಡೆಗಳು ಸಾಮಾನ್ಯವಾಗಿ ಬೇಗ ಮುಗಿಯುತ್ತವೆ. ಕಾರಿನ ನಕ್ಷೆಯಲ್ಲಿ ಚಾರ್ಜರನ್ನೇ ಗುರಿಯಾಗಿ ನಮೂದಿಸಿದರೆ, ಈ ಸೌಲಭ್ಯವಿರುವ ಕಾರುಗಳು ದಾರಿಯಲ್ಲಿಯೇ ಬ್ಯಾಟರಿಯನ್ನು ಬೆಚ್ಚಗಾಗಿಸಿಕೊಳ್ಳುತ್ತವೆ. ಬೆಳಗಿನ ಚಳಿಯಲ್ಲಿ ಹೊರಡುವ ಮೊದಲು ಚಾರ್ಜ್ ಮಾಡುವುದಕ್ಕಿಂತ, ರಾತ್ರಿ ಪ್ರಯಾಣ ಮುಗಿದ ಕೂಡಲೇ, ಬ್ಯಾಟರಿ ಇನ್ನೂ ಬಿಸಿಯಿರುವಾಗ ಮಾಡುವುದು ಜಾಣತನ.

ಇನ್ನು, ಕೆಲವು ಕಾರುಗಳು ಸಾಮಾನ್ಯವಾದ 400 ವೋಲ್ಟಿನ ಬದಲು ಬಳಸುವ 800 ವೋಲ್ಟಿನ ಬ್ಯಾಟರಿಯ ಮಾತು. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ, ಅಂದರೆ ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ, ಅನುಗುಣವಾದದ್ದು. ವೋಲ್ಟೇಜನ್ನು ಇಮ್ಮಡಿ ಮಾಡಿದರೆ ಅಷ್ಟೇ ಶಕ್ತಿಯನ್ನು ಅರ್ಧ ಕರೆಂಟಿನಲ್ಲಿ, ಕಾಲುಭಾಗ ಶಾಖದಲ್ಲಿ ಸಾಗಿಸಬಹುದು. 500 ಆಂಪಿಯರ್ ಹೊರುವ ಕೇಬಲ್ 400 ವೋಲ್ಟಿನಲ್ಲಿ 200 ಕಿಲೋವ್ಯಾಟ್ ಕೊಟ್ಟರೆ, 800ರಲ್ಲಿ 400 ಕೊಡುತ್ತದೆ. 2019ರಲ್ಲಿ ಪೋರ್ಷೆ ಟೈಕಾನ್ ಈ ದಾರಿ ತೆರೆಯಿತು; 2021ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5, ತಕ್ಕ ಚಾರ್ಜರ್ ಸಿಕ್ಕರೆ ಶೇ. 10ರಿಂದ 80ಕ್ಕೆ ಸುಮಾರು 18 ನಿಮಿಷ ಸಾಕು ಎಂದು ಹೇಳಿಕೊಂಡಿತು. 2025ರಲ್ಲಿ ಬಿವೈಡಿ 1,000 ವೋಲ್ಟು, 1,000 ಆಂಪಿಯರ್, ಅಂದರೆ ಒಂದು ಮೆಗಾವ್ಯಾಟಿನ ಚಾರ್ಜಿಂಗನ್ನು ಘೋಷಿಸಿತು. (ಇದನ್ನು ಕಂಡು ಬೆರಗಾಗುವವರು ಒಂದು ಲೆಕ್ಕ ಮಾಡಿ ನೋಡಬಹುದು: ನಿಮಿಷಕ್ಕೆ 35 ಲೀಟರ್ ಹರಿಸುವ ಪೆಟ್ರೋಲ್ ಪಂಪು, ಲೀಟರಿಗೆ 9 ಯೂನಿಟ್ ಶಕ್ತಿಯಂತೆ, ಸುಮಾರು 19 ಮೆಗಾವ್ಯಾಟ್ ದರದಲ್ಲಿ ಶಕ್ತಿಯನ್ನು ಸುರಿಯುತ್ತದೆ. ಅದರ ಬಹುಪಾಲನ್ನು ಎಂಜಿನ್ನು ಶಾಖವಾಗಿ ಹೊರಗೆ ಚೆಲ್ಲುತ್ತದೆ, ಆ ಮಾತು ಬೇರೆ.)

ಆದರೆ ನನ್ನ ಕಾರು ವರ್ಷದಲ್ಲಿ ಕುಡಿಯುವ ವಿದ್ಯುತ್ತಿನ ಬಹುಪಾಲು ಈ ಭಾರಿ ಯಂತ್ರಗಳಿಂದ ಬರುವುದಿಲ್ಲ, ಮನೆಯ ಗೋಡೆಯಿಂದ ಬರುತ್ತದೆ. ನಿಧಾನವಾಗಿ ಚಾರ್ಜ್ ಮಾಡಿದಷ್ಟೂ ಉಳಿತಾಯ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಚಾರ್ಜ್ ಆಗುತ್ತಿರುವಷ್ಟು ಹೊತ್ತೂ ಕಾರಿನ ಕಂಪ್ಯೂಟರು, ಪಂಪುಗಳು ಎಚ್ಚರವಾಗಿದ್ದು ತಮ್ಮ ಪಾಲನ್ನು ತಿನ್ನುತ್ತಲೇ ಇರುತ್ತವೆ. ಈ ಖರ್ಚು 250 ವ್ಯಾಟ್ ಎಂದಿಟ್ಟುಕೊಳ್ಳೋಣ. 230 ವೋಲ್ಟಿನಲ್ಲಿ 10 ಆಂಪಿಯರ್ ಕೊಡುವ ಸಾಮಾನ್ಯ ಸಾಕೆಟ್ಟಿನ 2.3 ಕಿಲೋವ್ಯಾಟಿನಲ್ಲಿ ಅದು ಶೇ. 10ನ್ನು ಮೀರುತ್ತದೆ; 32 ಆಂಪಿಯರಿನ ಗೋಡೆ ಚಾರ್ಜರಿನ 7.4 ಕಿಲೋವ್ಯಾಟಿನಲ್ಲಿ ಶೇ. 3ರಷ್ಟೇ. ಮನೆಗೆ ಬರುವ ಎಸಿ ವಿದ್ಯುತ್ತನ್ನು ಕಾರಿನೊಳಗಿನ ಪರಿವರ್ತಕ ಬ್ಯಾಟರಿಗೆ ಬೇಕಾದ ಡಿಸಿ ಮಾಡುವಾಗಿನ ನಷ್ಟ ಇದಕ್ಕೆ ಪ್ರತ್ಯೇಕ. ಆದ್ದರಿಂದ ಮನೆಯಲ್ಲಿ ವೇಗವೂ ಮಿತವ್ಯಯವೂ ಒಂದೇ ದಿಕ್ಕಿನಲ್ಲಿವೆ. ಎಂಟು ಗಂಟೆಗಳ ರಾತ್ರಿಯಲ್ಲಿ 7.4 ಕಿಲೋವ್ಯಾಟಿನ ಚಾರ್ಜರ್ ಸುಮಾರು 59 ಯೂನಿಟ್ ಎಳೆಯುತ್ತದೆ. ನಷ್ಟ ಕಳೆದರೂ ಹೆಚ್ಚಿನವರ ದಿನದ ಓಡಾಟಕ್ಕೆ ಅದು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೂ ಮೀರಿ 22 ಕಿಲೋವ್ಯಾಟಿನ ಎಸಿ ಚಾರ್ಜರ್ ಹಾಕಿಸುವ ಮುನ್ನ, ಆ ಪರಿವರ್ತಕ ಎಷ್ಟನ್ನು ಸ್ವೀಕರಿಸುತ್ತದೆಂದು ನೋಡಿಕೊಳ್ಳಬೇಕು, ಅದು 7.4ರದ್ದಾಗಿದ್ದರೆ ಗೋಡೆಯ ಮೇಲೆ ಏನೇ ನೇತುಹಾಕಿದರೂ ಸಿಗುವುದು ಅಷ್ಟೇ. ಮತ್ತು ದಯವಿಟ್ಟು, ಗಂಟೆಗಟ್ಟಲೆ ಪೂರ್ಣ ಕರೆಂಟು ಹರಿಯುವ ಈ ಕೆಲಸಕ್ಕೆ ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರನ್ನು ಬಳಸಬೇಡಿ.

ಈ ಹಿನ್ನೆಲೆಯಲ್ಲಿ ಕಂಪನಿಗಳಿಂದ ನಾನು ನಿರೀಕ್ಷಿಸುವುದು ಎರಡೇ. ಒಂದು, ಚಾರ್ಜಿಂಗ್ ರೇಖೆಯನ್ನು ಬೆಚ್ಚಗಿನ ಮತ್ತು ತಣ್ಣಗಿನ ಬ್ಯಾಟರಿಗೆ ಬೇರೆಬೇರೆಯಾಗಿ ಕೈಪಿಡಿಯಲ್ಲಿ ಅಚ್ಚು ಹಾಕಬೇಕು. ಇನ್ನೊಂದು ಇದಕ್ಕಿಂತ ಸುಲಭದ್ದು. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ನಿನ ಬಿಸಿಯನ್ನು ತೋರಿಸುವ ಮುಳ್ಳೊಂದು ಚಾಲಕನ ಕಣ್ಣೆದುರೇ ಇರುತ್ತಿತ್ತು. ಅಂಗೈಯಗಲದಿಂದ ಮೊಳದುದ್ದಕ್ಕೆ ಬೆಳೆದಿರುವ ಇಂದಿನ ಪರದೆಗಳಲ್ಲಿ ಹಾಡಿನ ಹೆಸರಿಗೆ, ಹವಾಮಾನಕ್ಕೆ, ಬಣ್ಣ ಬದಲಿಸುವ ದೀಪಗಳಿಗೆ ಜಾಗವಿದೆ. ಬ್ಯಾಟರಿಯ ಉಷ್ಣತೆಯನ್ನು ಹೇಳುವ ಎರಡಂಕಿಗೆ ಮಾತ್ರ ಎಷ್ಟೋ ಮಾದರಿಗಳಲ್ಲಿ ಜಾಗವಿಲ್ಲ. ಆ ಎರಡಂಕಿ ಕಾಣಿಸಿದ್ದರೆ ಅಂದು ಮುಂಜಾನೆ ನಾನು ಗನ್ನು ಬದಲಾಯಿಸುತ್ತಾ ನಿಲ್ಲುತ್ತಿರಲಿಲ್ಲ; ಒಂದಷ್ಟು ದೂರ ಓಡಿಸಿ, ಮುಂದಿನ ಚಾರ್ಜರಿನಲ್ಲಿ ನಿಲ್ಲಿಸುತ್ತಿದ್ದೆ.