ಬಿತ್ತನೆ ಶೇಂಗಾ ಮತ್ತು ಮೈಯ ನೆನಪು

ಕಳೆದ ತಿಂಗಳು ಚಳ್ಳಕೆರೆ ಕಡೆಯ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಎಂಟು ತಿಂಗಳ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೇಳಿದಳು: "ಅಣ್ಣಾ, ದಡಾರ ಒಂದು ಸಲ ಬಂದು ಹೋದರೆ ಮಗುವಿನ ಮೈ ಗಟ್ಟಿಯಾಗುತ್ತದಂತೆ. ಹಾಗಿದ್ದರೆ ಚುಚ್ಚುಮದ್ದು ಯಾಕೆ?" ಗಂಡನ ಮನೆಯಲ್ಲಿ ಹಿರಿಯರೊಬ್ಬರು ಹೇಳಿದ ಮಾತು ಅದು. ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಗಣಿತ ಪಾಠ ಮಾಡುವವನು, ವೈದ್ಯನಲ್ಲ. ಆದರೆ ಈ ಪ್ರಶ್ನೆಯ ಅರ್ಧ ಉತ್ತರ ಗಣಿತದಲ್ಲೇ ಇದೆ. ಜಗಲಿಯ ಮೇಲೆ ಹೇಳತೊಡಗಿದೆ, ಮಗು ಅತ್ತಿತು, ಮಾತು ನಿಂತಿತು. ಅಂದು ಹೇಳಲಾಗದೆ ಉಳಿದದ್ದು ಇದು.

ಆ ಹಿರಿಯರ ಮಾತಿನಲ್ಲಿ ಸತ್ಯವೇ ಇಲ್ಲ ಎನ್ನಲಾರೆ. ನಮ್ಮ ಅಜ್ಜಿಯ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಊರಿನಲ್ಲಿ ಯಾರಿಗೆ ಅಮ್ಮ ಬಂದರೂ ಆರೈಕೆಗೆ ಅಜ್ಜಿಯನ್ನೇ ಕರೆಯುತ್ತಿದ್ದರಂತೆ. ಒಮ್ಮೆ ಬಂದವಳಿಗೆ ಮತ್ತೆ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಇದೇ ತಿಳಿವಳಿಕೆಯನ್ನು ಅಂಕಿಗಳಲ್ಲಿ ಹಿಡಿದವರು ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಪಾನುಮ್. 1846ರಲ್ಲಿ ಫೆರೋ ದ್ವೀಪಗಳಿಗೆ ದಡಾರ ನುಗ್ಗಿ, 7,782 ಜನರ ಪೈಕಿ ಸುಮಾರು 6,000 ಮಂದಿ ಮಲಗಿದರು. ಅಲ್ಲಿಗೆ ದಡಾರ ಹಿಂದೆ ಬಂದದ್ದು 1781ರಲ್ಲಿ. ಆಗ ಮಕ್ಕಳಾಗಿದ್ದು ದಡಾರ ಕಂಡಿದ್ದ ಮುದುಕರನ್ನು ಮಾತ್ರ ಅದು ಮುಟ್ಟಲಿಲ್ಲ. ನಡುವೆ 65 ವರ್ಷ ಒಂದು ಸಲವೂ ಎದುರಾಗದ ವೈರಿಯ ಗುರುತನ್ನು ಆ ಮೈಗಳು ಇಟ್ಟುಕೊಂಡಿದ್ದವು.

ಹಾಗಾದರೆ ಮೈ ಎಲ್ಲವನ್ನೂ ಹೀಗೇ ಏಕೆ ನೆನಪಿಟ್ಟುಕೊಳ್ಳುವುದಿಲ್ಲ? ಫ್ಲೂ ಜ್ವರ ಮತ್ತೆ ಮತ್ತೆ ಏಕೆ ಬರುತ್ತದೆ? ಇದಕ್ಕೆ ನಮ್ಮ ಅಪ್ಪನ ಬಿತ್ತನೆ ಕೋಣೆಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಸುಗ್ಗಿ ಮುಗಿದ ಮೇಲೆ ಅಪ್ಪ ಶೇಂಗಾ ರಾಶಿಯ ಮುಂದೆ ಕುಳಿತು ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಒಣಗಿದ್ದು, ಬಲಿತದ್ದು ಒಂದು ಕಡೆ. ಜೊಳ್ಳು ಇನ್ನೊಂದು ಕಡೆ. ಎಲ್ಲವನ್ನೂ ಮಾರಿದರೆ ಮುಂಗಾರಿಗೆ ಬೀಜವಿಲ್ಲ. ಎಲ್ಲವನ್ನೂ ಉಳಿಸಿಕೊಂಡರೆ ಕೈಯಲ್ಲಿ ಕಾಸಿಲ್ಲ. ಶೇಂಗಾವೊಂದನ್ನೇ ನಂಬಿದರೆ ಮಳೆ ಕೈಕೊಟ್ಟ ವರ್ಷ ಹೊಲ ಬರಿದು. ಅದಕ್ಕೇ ನಡುನಡುವೆ ತೊಗರಿಯ ಅಕ್ಕಡಿ ಸಾಲು. ಬರುವ ಮಳೆ ಹೇಗೋ ಅಪ್ಪನಿಗೆ ತಿಳಿಯದು, ಹಿಂದಿನ ಮಳೆಗಳು ಮಾತ್ರ ಗೊತ್ತು. ಆ ಅನುಭವದಿಂದ ಮುಂದಿನ ವರ್ಷಕ್ಕೆ ಎಷ್ಟು, ಏನು ಎಂದು ತೀರ್ಮಾನಿಸುತ್ತಾರೆ.

ಮೈ ಮಾಡುವುದೂ ಇದನ್ನೇ. ಹಿಂದೆ ಕಂಡ ರೋಗಾಣುವಿಗೆಂದು ಮೀಸಲಿಟ್ಟ ನೆನಪಿನ ಕೋಶಗಳಿಗೂ, ಇನ್ನೂ ಯಾವುದನ್ನೂ ಕಾಣದ ಹೊಸ ಕೋಶಗಳಿಗೂ ಜಾಗ ಬೇಕು, ಪೋಷಣೆ ಬೇಕು, ಮತ್ತು ಎರಡಕ್ಕೂ ಮಿತಿಯಿದೆ. ಎಷ್ಟನ್ನು ನೆನಪಿಗೆ ಕೊಡಬೇಕು? 2019ರಲ್ಲಿ ಆಂಡ್ರಿಯಾಸ್ ಮೇಯರ್, ವಿಜಯ್ ಬಾಲಸುಬ್ರಮಣಿಯನ್, ಅಲೆಕ್ಸಾಂಡ್ರಾ ವಾಲ್ಚಾಕ್, ಥಿಯರಿ ಮೋರಾ ಎಂಬ ವಿಜ್ಞಾನಿಗಳು ಇದನ್ನು ಸಮೀಕರಣಗಳಲ್ಲಿ ಬರೆದರು. ಅವರು ಆಧರಿಸಿದ್ದು ಬೇಯ್ಸ್ ತತ್ತ್ವವನ್ನು: ಹೊಸ ಸಾಕ್ಷ್ಯ ಬಂದಾಗ ಹಳೆಯ ನಂಬಿಕೆಯನ್ನು ಎಷ್ಟು ತಿದ್ದಬೇಕು ಎಂಬ ಲೆಕ್ಕ. ಬಾಲ್ಯದಲ್ಲಿ ನೆನಪಿನ ಕೋಶಗಳ ಸಂಗ್ರಹ ಬೇಗ ಬೇಗ ಬೆಳೆದು ನಡುವಯಸ್ಸಿನಲ್ಲಿ ಸ್ಥಿರವಾಗುವುದೇಕೆ ಎಂಬುದಕ್ಕೆ ಆ ಮಾದರಿಯಲ್ಲಿ ಕಾರಣ ಸಿಗುತ್ತದೆ. ದಾಸ್ತಾನು ಮೊದಲೇ ಹೆಚ್ಚಿದ್ದರೆ ಅದೇ ರೋಗಾಣುವಿನ ಮತ್ತೊಂದು ಭೇಟಿ ಅದಕ್ಕೆ ಸೇರಿಸುವುದು ಕಡಿಮೆ ಎಂಬುದೂ ಅದರಿಂದ ಹೊರಡುತ್ತದೆ, ಲಸಿಕೆಯ ಪ್ರಯೋಗಗಳಿಗೂ ಹೊಂದುತ್ತದೆ.

ವೇಷ ಬದಲಿಸುವ ಫ್ಲೂ ವೈರಾಣುವಿಗೆ ಕರಾರುವಾಕ್ಕಾದ ನೆನಪು ಸಾಲದು. ಈ ವರ್ಷದ ಮುಖವನ್ನೇ ಅಚ್ಚೊತ್ತಿಟ್ಟುಕೊಂಡರೆ ಮುಂದಿನ ವರ್ಷದ ಮುಖ ಗುರುತು ಸಿಗುವುದಿಲ್ಲ. ಆದ್ದರಿಂದ ಮೈ ಪೂರ್ತಿ ಪಳಗದ, ಸ್ವಲ್ಪ ಸಡಿಲ ಗುರುತಿನ ಕೋಶಗಳನ್ನೂ ನೆನಪಿಗೆಂದು ಎತ್ತಿಡುತ್ತದೆ. ಅದು ಮೈಯ ದೌರ್ಬಲ್ಯವಲ್ಲ, ವಿಕಾಸ ಕಲಿಸಿದ ಜಾಣ್ಮೆ ಇರಬಹುದು ಎಂದು ಗಣಿತ ಮಾದರಿಗಳು ಸೂಚಿಸುತ್ತವೆ. ಇದನ್ನು ಓದಿದಾಗ ನನಗೆ ಅಕ್ಕಡಿ ಸಾಲುಗಳೇ ಕಣ್ಣಿಗೆ ಕಟ್ಟಿದವು.

ಇನ್ನು ದಡಾರ. ಅದು ಹೊಕ್ಕುವುದು ಈ ನೆನಪಿನ ಕೋಶಗಳನ್ನೇ. ಬಿತ್ತನೆ ಶೇಂಗಾಕ್ಕೆ ಹುಳ ಬಿದ್ದಂತೆ. ಲಸಿಕೆ ಹಾಕಿಸಿಕೊಳ್ಳದ 77 ನೆದರ್ಲೆಂಡ್ಸ್ ಮಕ್ಕಳ ರಕ್ತವನ್ನು ದಡಾರಕ್ಕೆ ಮುಂಚೆ ಮತ್ತು ಅನಂತರ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಬೇರೆ ರೋಗಗಳ ವಿರುದ್ಧ ಅವರು ಗಳಿಸಿದ್ದ ಪ್ರತಿಕಾಯಗಳಲ್ಲಿ, ಅಂದರೆ ರೋಗಾಣುವನ್ನು ಗುರುತಿಸಿ ಹಿಡಿಯುವ ರಕ್ತದ ಅಂಶಗಳಲ್ಲಿ, ಶೇಕಡಾ 11ರಿಂದ 73ರಷ್ಟು ಅಳಿಸಿಹೋಗಿದ್ದವು. ಅದಕ್ಕೂ ಮೊದಲು, 2015ರಲ್ಲಿ, ಮೈಕೆಲ್ ಮಿನಾ ಮತ್ತು ಸಂಗಡಿಗರು ಇಂಗ್ಲೆಂಡ್, ಅಮೆರಿಕ, ಡೆನ್ಮಾರ್ಕ್‌ಗಳ ಹಳೆಯ ಮರಣ ದಾಖಲೆಗಳ ಮೇಲೆ ಗಣಿತ ಮಾದರಿ ಕಟ್ಟಿ, ದಡಾರದ ಈ ಮರೆವು ಎರಡು ಮೂರು ವರ್ಷ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ದಡಾರದಿಂದ ಗೆದ್ದ ಮಗು ದಡಾರವನ್ನು ಮರೆಯುವುದಿಲ್ಲ, ಉಳಿದದ್ದನ್ನು ಮರೆಯುತ್ತದೆ. ಹಳೆಯ ಸೋಂಕುಗಳಿಗೆ ಹೊಸದಾಗಿ ತೆರೆದುಕೊಳ್ಳುತ್ತದೆ. ಲಸಿಕೆ ದಡಾರದ ಗುರುತನ್ನು ಕಲಿಸುತ್ತದೆ, ಕೂಡಿಟ್ಟದ್ದನ್ನು ಅಳಿಸುವುದಿಲ್ಲ. "ಮೈ ಗಟ್ಟಿಯಾಗುತ್ತದೆ" ಎಂಬ ಮಾತು ನನ್ನನ್ನು ನಿದ್ದೆಗೆಡಿಸಿದ್ದು ಇದಕ್ಕೇ.

ಇನ್ನೊಂದು ಲೆಕ್ಕ, ಹಲಗೆಯ ಮೇಲೆ ಒಂದೇ ಸಾಲಿನದು. ಯಾರಿಗೂ ರಕ್ಷಣೆಯಿಲ್ಲದ ಕಡೆ ಒಬ್ಬ ದಡಾರದ ರೋಗಿ ಸುಮಾರು 12ರಿಂದ 18 ಜನರಿಗೆ ಹರಡುತ್ತಾನೆ. 15 ಎಂದಿಟ್ಟುಕೊಂಡರೆ, ರೋಗ ಹಬ್ಬದಿರಲು 15ರಲ್ಲಿ 14 ಜನರಿಗೆ ರಕ್ಷಣೆ ಇರಬೇಕು, ಅಂದರೆ ಶೇಕಡಾ 93. 300 ಮಕ್ಕಳ ಊರಿನಲ್ಲಿ 20ಕ್ಕಿಂತ ಹೆಚ್ಚು ಮಕ್ಕಳು ಬಿಟ್ಟುಹೋದರೆ ಬೇಲಿ ಮುರಿದಂತೆ.

ಬೇಯ್ಸ್ ಪ್ರಮೇಯ ನಮ್ಮ ದ್ವಿತೀಯ ಪಿಯು ಪಠ್ಯದಲ್ಲಿದೆ. ಚೀಲದಲ್ಲಿ ಕೆಂಪು ಚೆಂಡು, ಕಪ್ಪು ಚೆಂಡು ಎಂದು ವರ್ಷ ವರ್ಷ ಹೇಳುತ್ತೇವೆ. ಮಕ್ಕಳು ಅಂಕ ತೆಗೆದುಕೊಂಡು ಮರೆಯುತ್ತಾರೆ. ಅವಕಲ ಸಮೀಕರಣಗಳ ಗತಿಯೂ ಅದೇ. ಸಾಂಕ್ರಾಮಿಕ ರೋಗ ಹಬ್ಬುವ ಬಗೆಯನ್ನು ಹೇಳುವ ಇಂಥದ್ದೇ ಪ್ರಸಿದ್ಧ ಸಮೀಕರಣಗಳನ್ನು ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಸಂಶೋಧಕರು 1927ರಲ್ಲಿ ಬರೆದಾಗ ಹೋಲಿಸಿ ನೋಡಿದ್ದು ಮುಂಬೈಯ 1905-06ರ ಪ್ಲೇಗಿನ ಸಾವುಗಳೊಂದಿಗೆ. ಮೆಕೆಂಡ್ರಿಕ್ ನಮ್ಮ ದೇಶದ ಕಸೌಲಿಯಲ್ಲಿ ಕೆಲಸ ಮಾಡಿದವರು. ನಮ್ಮ ಜನರ ಸಾವಿನ ಅಂಕಿಗಳಿಗೆ ಹಚ್ಚಿ ನೋಡಿದ ಗಣಿತ ನಮ್ಮ ತರಗತಿಗಳಿಗೇ ಬಂದಿಲ್ಲವೆಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಈ ವರ್ಷ ನಾನು ಚೆಂಡುಗಳ ಜೊತೆಗೆ ಬಿತ್ತನೆ ಶೇಂಗಾವನ್ನೂ, ನೆನಪಿನ ಕೋಶವನ್ನೂ ಹಲಗೆಗೆ ತರುತ್ತೇನೆ. ಸಹೋದ್ಯೋಗಿಗಳೂ ತರಬೇಕೆಂಬುದು ನನ್ನ ವಿನಂತಿ.

ಮೊನ್ನೆ ಗುರುವಾರ ತಂಗಿ ಫೋನ್ ಮಾಡಿದಳು. ಒಂಬತ್ತು ತಿಂಗಳು ತುಂಬಿತು, ಚುಚ್ಚುಮದ್ದು ಹಾಕಿಸಿದೆ, ಸ್ವಲ್ಪ ಮೈ ಬಿಸಿಯಿದೆ, ಆಡುತ್ತಿದೆ ಎಂದಳು. ಅಪ್ಪ ಅವಳ ಕೈಯಿಂದ ಫೋನ್ ತೆಗೆದುಕೊಂಡು ಎರಡನೆಯದು ಯಾವಾಗ ಎಂದು ಕೇಳಿದರು. ಹದಿನಾರು ತಿಂಗಳು ತುಂಬಿದ ಮೇಲೆ, ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ ಎಂದೆ. ಕಾರ್ಡ್ ಇರಲಿ ಎಂದು, ಬಿತ್ತನೆ ಕೋಣೆಯ ಬಾಗಿಲ ಹಿಂದೆ, ಮಳೆ ನಕ್ಷತ್ರಗಳ ದಿನ ಗುರುತು ಹಾಕುವ ಜಾಗದಲ್ಲಿ, ಸೀಮೆಸುಣ್ಣದಿಂದ ಆ ತಿಂಗಳನ್ನೂ ಬರೆದಿಟ್ಟಿದ್ದಾರಂತೆ.