ಬಿಲ್ ಹುಡುಗನಿಗೇ ಯಾಕೆ?

ಫ್ಲಾರಿಡಾದಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಹುಡುಗ ಪೊಲೀಸ್ ಕೆಲಸಕ್ಕೆ ಸೇರಿದ. ಅಕಾಡೆಮಿ ಫೀಸು ಇಲಾಖೆಯದೇ. ಆದರೆ ತರಬೇತಿ ಮುಗಿದು ಎರಡು ವರ್ಷ ಆಗುವ ಮೊದಲು ತಾನಾಗಿಯೇ ಬಿಟ್ಟರೆ ಆ ಖರ್ಚು ವಾಪಸ್ ಕಟ್ಟಬೇಕು. ಅಲ್ಲಿ ರಾಜ್ಯದ ಕಾನೂನೇ ಹಾಗಿದೆ. ಅವನಪ್ಪ ಇದನ್ನು ಎಲ್ಲೂ ಇಲ್ಲದ ಅನ್ಯಾಯ ಅನ್ನೋ ಹಾಗೆ ಹೇಳಿದರು. ನನಗೆ ನಗು ಬಂತು. ಇದು ನಮ್ಮ ಬಾಂಡೇ ಅಲ್ವಾ!

2006ರಲ್ಲಿ ಬೆಂಗಳೂರಿನ ಒಂದು ಕಂಪನಿ ಸೇರುವಾಗ ನಾನೂ ಸಹಿ ಹಾಕಿದ್ದೆ. ಎರಡು ವರ್ಷ ಬಿಡುವ ಹಾಗಿಲ್ಲ, ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ನನ್ನ ಸಹಿ ಸಾಲದು ಅಂತ ಜಾಮೀನಿಗೆ ಅಪ್ಪನನ್ನು ಹಾಸನದಿಂದ ಕರೆಸಿದರು, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಎಲ್ಲ ಅಸಲಿ ಮಾರ್ಕ್ಸ್ ಕಾರ್ಡೂ ಅವರ ಬೀರುವಿನಲ್ಲೇ ಇಟ್ಟುಕೊಂಡರು. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಅಪ್ಪ ಕೇಳಿದ್ದು ಒಂದೇ ಮಾತು: "ಇದು ಕೆಲಸಾನೋ, ಸಾಲಾನೋ?"

ಅಮೆರಿಕದ ಕೋರ್ಟನ್ನು ಕೇಳಿದರೆ, ಸಾಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಪೊಲೀಸರದು ಆಗ ಐದು ವರ್ಷದ ಕರಾರಿತ್ತು, ಮೊದಲೇ ಬಿಟ್ಟರೆ 8,000 ಡಾಲರ್. ಒಂದೊಂದು ವರ್ಷ ಕಳೆದ ಹಾಗೆ ಐದನೇ ಒಂದು ಭಾಗ ಇಳಿಯುತ್ತಿತ್ತು. ಎರಡು ವರ್ಷ ತುಂಬುವ ಮೊದಲೇ ಬಿಟ್ಟ ಒಬ್ಬ ಅಧಿಕಾರಿಯ ತಲೆಗೆ 6,400 ಡಾಲರ್ ಬಿತ್ತು, ಕೊನೆಯ ಸಂಬಳದಲ್ಲೂ ಮುರಿದುಕೊಂಡರು. 2010ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ನಗರದ ಪರವೇ ನಿಂತಿತು: ಕನಿಷ್ಠ ವೇತನ ಸಿಕ್ಕಿದೆ, ಉಳಿದದ್ದು ಇಷ್ಟಪಟ್ಟು ತೆಗೆದುಕೊಂಡ ಸಾಲ. ನಮ್ಮ ಸುಪ್ರೀಂ ಕೋರ್ಟೂ ಕಡಿಮೆ ಇಲ್ಲ. ವಿಜಯಾ ಬ್ಯಾಂಕಿನ ಮೂರು ವರ್ಷ, ಎರಡು ಲಕ್ಷದ ಬಾಂಡ್ ಕೇಸಿನಲ್ಲಿ ಕರ್ನಾಟಕ ಹೈಕೋರ್ಟ್ ಉದ್ಯೋಗಿಯ ಪರ ಹೇಳಿದ್ದನ್ನು 2025ರಲ್ಲಿ ತಿರುಗಿಸಿ, ಬಾಂಡ್ ಸರಿ ಅಂದಿತು.

ಚಿಕ್ಕ ಊರಿನ ಇಲಾಖೆಗಳ ಹೊಟ್ಟೆಉರಿ ಸುಳ್ಳಲ್ಲ, ಒಪ್ಪುತ್ತೇನೆ. ಹುಡುಗನನ್ನು ಹುಡುಕಿ, ಸಂಬಳ ಕೊಟ್ಟು ತಿಂಗಳುಗಟ್ಟಲೆ ಕಲಿಸಿ, ಹಳಬರ ಜೊತೆ ಗಸ್ತಿಗೆ ಕಳಿಸಿ, ಇನ್ನೇನು ಒಬ್ಬನೇ ಕಾರು ಓಡಿಸುತ್ತಾನೆ ಅನ್ನುವಷ್ಟರಲ್ಲಿ ಪಕ್ಕದ ದೊಡ್ಡ ಊರು ಜಾಸ್ತಿ ಸಂಬಳ ತೋರಿಸಿ ಎತ್ತಿಕೊಂಡು ಹೋಗುತ್ತದೆ. ಸರಿ, ಹಾಗಾದರೆ ಬಿಲ್ ಎತ್ತಿಕೊಂಡು ಹೋದವರಿಗೆ ಕಳಿಸಿ! ನಾನು ಈಗಿರುವ ಜಾರ್ಜಿಯಾದಲ್ಲಿ ಅಂಥ ಕಾನೂನೇ ಇದೆ. ತರಬೇತಿ ಮುಗಿದ 15 ತಿಂಗಳೊಳಗೆ ಸೇರಿಸಿಕೊಂಡ ಇಲಾಖೆ, ಕೇಳಿದರೆ, ಮೊದಲಿನ ಇಲಾಖೆಗೆ ತರಬೇತಿಯ ಪೂರ್ತಿ ಖರ್ಚು ಕೊಡಬೇಕು, ಆಮೇಲೆ 24 ತಿಂಗಳವರೆಗೆ ಅರ್ಧ. ಲಾಭ ಯಾರಿಗೋ ಬಿಲ್ಲೂ ಅವರಿಗೆ. ಪಕ್ಕಪಕ್ಕದ ರಾಜ್ಯಗಳು, ನೋಡಿ.

ಇನ್ನೊಂದು ಮಾತು. ನಾನು ಮನಸ್ಸಿಲ್ಲದೆ ಬಾಂಡಿಗಾಗಿ ಕೂತಿದ್ದ ದಿನಗಳಲ್ಲಿ ಸುಮ್ನೆ ಕೆಟ್ಟ ಕೋಡ್ ಬರೆದೆ, ಯಾರಿಗೂ ಏನೂ ಆಗಲಿಲ್ಲ. ಈ ಕೆಲಸ ನನ್ನ ಕೈಲಾಗಲ್ಲ ಅಂತ ಆರೇ ತಿಂಗಳಲ್ಲಿ ಗೊತ್ತಾದವನು ಸಾಲಕ್ಕೆ ಹೆದರಿ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ರಾತ್ರಿ ಪಾಳಿ ಮಾಡೋದು ಬೇರೆ ಲೆಕ್ಕ. ಅಂಥವನಿಗೆ ಊರೇ ದುಡ್ಡು ಕೊಟ್ಟು ಕಳಿಸಬೇಕು ಅನ್ನಿಸುತ್ತದೆ ನನಗೆ.

ಪಕ್ಕದ ಮನೆಯ ಹುಡುಗ ಎರಡು ವರ್ಷ ಲೆಕ್ಕ ಹಾಕಿ ಕೂತಿದ್ದ. ಮುಗಿದ ತಿಂಗಳೇ ಬೇರೆ ಊರಿನ ಇಲಾಖೆ ಸೇರಿದ. ನಾನು ಅಷ್ಟೂ ಕಾಯಲಿಲ್ಲ ಬಿಡಿ, ಬಾಂಡ್ ಮುಗಿದ ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೇ ಮಾರ್ಕ್ಸ್ ಕಾರ್ಡ್ ಕೇಳೋಕೆ ಆ ಬೀರುವಿನ ಮುಂದೆ ನಿಂತಿದ್ದೆ.