ಒಂದು ಗೋಣಿ ಅಡಿಕೆಯ ಊಟ

ಅಪ್ಪ ಅಮ್ಮನ ಮದುವೆಗೆ ಈ ವರ್ಷ 50 ತುಂಬಿತು. ಕಾಸರಗೋಡಿನ ನಮ್ಮ ಊರಲ್ಲೇ ಮಾಡಿದ್ದರೆ ಸುಲಭವಿತ್ತು. ಒಂದು ಸತ್ಯನಾರಾಯಣ ಪೂಜೆ, ಇನ್ನೂರು ಬಾಳೆಲೆ, ಹೋಳಿಗೆಗೆ ಕಾಯಿಹಾಲು. ಅಡಿಗೆಗೆ ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ನೀರ್ಚಾಲಿನಿಂದ ಪೆರ್ಲದವರೆಗೆ ಎಲ್ಲರ ಮನೆಗೂ ಅದೇ ಭಟ್ರು, ಅದೇ ಕೊಪ್ಪರಿಗೆ, ಅದೇ ಸಾರು. ಆದರೆ ಬೆಂಗಳೂರಲ್ಲಿರುವ ತಮ್ಮ ಫೋನ್ ಮಾಡಿದ. "ಅಣ್ಣಾ, ಈ ಸಲ ಸ್ವಲ್ಪ ಸ್ಪೆಷಲ್ ಆಗಬೇಕು. ನೀವೆಲ್ಲ ಇಲ್ಲಿಗೆ ಬನ್ನಿ. ಒಳ್ಳೆ ರೆಸ್ಟೋರೆಂಟಲ್ಲಿ ಡಿನ್ನರ್." ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತು.

ಯಾವ ರೆಸ್ಟೋರೆಂಟ್? ತೀರ್ಮಾನಕ್ಕೆಂದು ಒಂದು ವಾಟ್ಸಾಪ್ ಗ್ರೂಪ್ ಹುಟ್ಟಿತು. ಆಯೋಗ ಎಂದರೇನೆಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಡಿ ತಕರಾರು ಬಗೆಹರಿಸಲೆಂದು 1966ರಲ್ಲಿ ಮಹಾಜನ ಆಯೋಗ ಕೂತಿತು. 1967ರಲ್ಲಿ ವರದಿ ಬಂತು. ಚಂದ್ರಗಿರಿ ಹೊಳೆಯಿಂದ ಬಡಗು ದಿಕ್ಕಿಗೆ ಇರುವುದೆಲ್ಲ ಕರ್ನಾಟಕಕ್ಕೆ ಎಂದು ಅದರಲ್ಲಿ ಬರೆದದ್ದೂ ಆಯಿತು. ನಾವು ಇನ್ನೂ ಇಲ್ಲೇ, ಕೇರಳದಲ್ಲೇ ಇದ್ದೇವೆ. ಹಾಗಾಗಿ ಗ್ರೂಪಿಗೆ ಮೊದಲ ದಿನವೇ ನಲವತ್ತು ಲಿಂಕ್ ಬಂದು ಬಿದ್ದಾಗ ನಾನು ಗಾಬರಿಯಾಗಲಿಲ್ಲ. ವರದಿ ಬರುವುದು ಬೇರೆ, ಜಾರಿಯಾಗುವುದು ಬೇರೆ.

ಲಿಂಕ್ ಒತ್ತಿದರೆ ನಕ್ಷತ್ರಗಳು. ಒಂದಕ್ಕೆ 4.1, ಇನ್ನೊಂದಕ್ಕೆ 4.3. ಈ 0.2ರ ಮೇಲೆ ನನ್ನ ತಮ್ಮನಿಗೂ ತಂಗಿಗೂ ಎರಡು ದಿನ ಮಾತಿಲ್ಲ. ನಾನು ಕೂತು ಅಭಿಪ್ರಾಯಗಳನ್ನು ಓದಿದೆ. "ಊಟ ಅದ್ಭುತ, ಪಾರ್ಕಿಂಗ್ ಇಲ್ಲ" ಎಂದವರು ಒಂದು ನಕ್ಷತ್ರ ಕೊಟ್ಟಿದ್ದಾರೆ. "ಇನ್ನೂ ಹೋಗಿಲ್ಲ, ಫೋಟೋ ಚೆನ್ನಾಗಿದೆ" ಎಂದವರು ಐದು ಕೊಟ್ಟಿದ್ದಾರೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವುದೇ ಶ್ರೇಷ್ಠತೆ. ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ತಮ್ಮದೇ ದರ್ಜೆ ಮಾಡಿದರು. ಅಡಿಕೆ ಹೆಕ್ಕಿ ಹೆಕ್ಕಿ ಬೆಳೆದ ಕೈ ಅದು. ಪಟ್ಟಿ ಓದಿ ಹೇಳಿದ ಹಾಗೆ, "ಇದು ಪಟೋರ. ಇದು ಉಳ್ಳಿಗಡ್ಡೆ. ಇದು ಕರಿಗೋಟು, ಆಚೆ ಹಾಕು" ಎಂದರು. ಎಲ್ಲ ಕೆಳಗಿನ ದರ್ಜೆಯ ಅಡಿಕೆಯ ಹೆಸರೇ. ಚಾಲಿ, ಅಂದರೆ ಒಳ್ಳೆ ಬಿಳಿ ಅಡಿಕೆ ಎಂದು ಒಂದಕ್ಕೂ ಹೇಳಲಿಲ್ಲ. ಯಾಕೆ ಅಪ್ಪ ಎಂದೆ. "ರೇಟೇ ಹೇಳಲಿಲ್ಲವಲ್ಲ ನೀನು!"

ಅಪ್ಪನ ಮಾತಲ್ಲಿ ಹುರುಳಿತ್ತು. ಗ್ರೂಪಿನಲ್ಲಿ ನಡೆಯುತ್ತಿದ್ದದ್ದೂ ಅದೇ. ಇಬ್ಬರಿಗೆ 1,200 ರೂಪಾಯಿಯ ಜಾಗವೊಂದನ್ನು ನಾನು ಸೂಚಿಸಿದ್ದೆ. "ಅಣ್ಣಾ, ಅಲ್ಲಿಗೆ ನಾವು ಆಫೀಸಿನವರು ಮಂಗಳವಾರ ಹೋಗುವುದು" ಎಂದು ತಂಗಿ ಅದನ್ನು ಅಲ್ಲೇ ಮುಗಿಸಿದಳು. 2,500ರದ್ದು "ಪರವಾಗಿಲ್ಲ" ಆಯಿತು. 5,000 ಎಂದ ಕೂಡಲೇ ಎಲ್ಲರೂ "ವಾಹ್" ಎಂದರು. ಅಲ್ಲಿ ತಿನ್ನಲು ಏನು ಸಿಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಎಮ್ಮೆ ಕೊಳ್ಳುವಾಗ ಕೂಡ ಹಾಲೆಷ್ಟು ಎಂದು ಕೇಳುತ್ತೇವೆ, ಅಲ್ವಾ?

ಈ ನಡುವೆ ತಂಗಿಯ ಮಗ, "ಮಾವ, ಅದಕ್ಕೆ ಮಿಷೆಲಿನ್ ಸ್ಟಾರ್ ಉಂಟಾ?" ಎಂದು ಕೇಳಿದ. ಹುಡುಕಿ ನೋಡಿದೆ. ಅದು ಫ್ರಾನ್ಸಿನ ಟಯರ್ ಕಂಪನಿ. ಜನ ಕಾರು ಜಾಸ್ತಿ ಓಡಿಸಲಿ, ಟಯರ್ ಬೇಗ ಸವೆಯಲಿ ಎಂದು 1900ರಲ್ಲಿ ಒಂದು ಕೈಪಿಡಿ ಹಂಚಲು ಶುರು ಮಾಡಿತು. ಊಟಕ್ಕೆ ನಕ್ಷತ್ರ ಕೊಡಲು ಹೊರಟದ್ದು 1926ರಲ್ಲಿ. ಒಂದು ನಕ್ಷತ್ರವಾದರೆ ಇಳಿದು ಉಣ್ಣಬಹುದು, ಎರಡಾದರೆ ದಾರಿ ಬಿಟ್ಟು ಸುತ್ತಿಕೊಂಡಾದರೂ ಹೋಗಬಹುದು, ಮೂರಾದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದು ಎಂದು ಲೆಕ್ಕ. ಭಾರತದ ಹೋಟೆಲುಗಳಿಗೆ ಅವರು ಇನ್ನೂ ನಕ್ಷತ್ರ ಕೊಟ್ಟಿಲ್ಲ. ಆದರೆ ನಾವು ಸಂಜೆ ಕಾಸರಗೋಡಿನಲ್ಲಿ ಕಣ್ಣೂರು–ಬೆಂಗಳೂರು ರೈಲು ಹತ್ತಿ, ರಾತ್ರಿಯಿಡೀ ಘಾಟಿಯಲ್ಲಿ ಕುಲುಕಾಡಿ, ಬೆಳಿಗ್ಗೆ ಇಳಿಯುವವರು. ಆ ಲೆಕ್ಕದಲ್ಲಿ ನಾವು ಮೊದಲು ಕುಡಿಯುವ ಸ್ಟೇಷನ್ ಹೊರಗಿನ ಕಾಫಿಗೇ ಮೂರು ನಕ್ಷತ್ರ ಸಲ್ಲಬೇಕು.

ಕೊನೆಗೆ ಒಂದು ದೊಡ್ಡ ಹೋಟೆಲಿನೊಳಗಿನ ರೆಸ್ಟೋರೆಂಟ್ ಗೆದ್ದಿತು. ಹೆಸರು ಬೇಡ. ಅಲ್ಲಿ ಇನ್ನೊಂದು ಚೋದ್ಯ. ಹೊರಗಿನ ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಜಿಎಸ್‌ಟಿ ಶೇ. 5. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆ ಇರುವ ಹೋಟೆಲಿನೊಳಗೆ ಉಂಡರೆ ಶೇ. 18. ನಾವು ಮಲಗುವವರಲ್ಲ, ಉಣ್ಣುವವರು. ಆದರೂ ಹತ್ತನೇ ಮಾಳಿಗೆಯಲ್ಲಿ ಯಾರೋ ಮೆತ್ತನೆಯ ಹಾಸಿಗೆಯಲ್ಲಿ ಹೊರಳಿದ್ದಕ್ಕೆ ಕೆಳಗೆ ನಮ್ಮ ಸಾರಿನ ಮೇಲೆ ತೆರಿಗೆ ಏರುತ್ತದೆ. ಇದನ್ನು ಹೇಳಿದರೆ ಗ್ರೂಪಿನವರು ಹಿಂದೆ ಸರಿಯುತ್ತಾರೆ ಎಂದುಕೊಂಡಿದ್ದೆ. "18 ಅಂದ್ರೆ ಒಳ್ಳೆ ಜಾಗವೇ ಇರಬೇಕು" ಎಂದರು ಭಾವ. ಇವರು ಊರಲ್ಲಿ ಸಸ್ಯಾಹಾರಿ, ಬೆಂಗಳೂರಲ್ಲಿ ಸಂದರ್ಭಾಹಾರಿ.

ಬುಕಿಂಗ್ ಎಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ. ತಲೆಗೆ ಸಾವಿರದಂತೆ ಒಂಬತ್ತು ಸಾವಿರ ಮುಂಗಡ. ಏಳು ಗಂಟೆಗೆ ಕೂರಬೇಕು, ಎಂಟೂ ಮುಕ್ಕಾಲಿಗೆ ಏಳಬೇಕು, ಮತ್ತೆ ಬೇರೆಯವರ ಸರದಿ. ನಮ್ಮ ಪಂಕ್ತಿಯಲ್ಲೂ ಎರಡನೇ ಪಂಕ್ತಿಯವರು ಹಿಂದೆ ನಿಂತು ಕಾಯುತ್ತಾರೆ. ಆದರೆ ಅವರು ಮುಂಗಡ ಕೊಟ್ಟು ನಿಂತವರಲ್ಲ. ಕೊನೆಗೆ "ಸ್ಮಾರ್ಟ್ ಕ್ಯಾಶುವಲ್" ಎಂಬ ಉಡುಪಿನ ಷರತ್ತು. ಅಪ್ಪ ಮುಂಡು ಬಿಟ್ಟು ಬೇರೇನೂ ಉಡುವವರಲ್ಲ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲೊಂದು ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡದಿದ್ದಕ್ಕೆ, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಲು ಹೇಳಿದ ಸುದ್ದಿ ನಮ್ಮ ತೋಟದವರೆಗೂ ಬಂದಿತ್ತು. ಅದನ್ನು ನೆನೆದೋ ಏನೋ, ಫೋನಿನಲ್ಲಿದ್ದ ಹುಡುಗಿ, "ಎಥ್ನಿಕ್ ಈಸ್ ವೆಲ್ಕಮ್ ಸರ್" ಎಂದಳು. ಅಪ್ಪ 70 ವರ್ಷ ಉಟ್ಟದ್ದು ಎಥ್ನಿಕ್ ಎಂದು ಆ ದಿನ ಗೊತ್ತಾಯಿತು.

ಊಟದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಹೊರಗೆ ಬೋರ್ಡಿನಲ್ಲಿ ಕಾನೂನಿನಂತೆ ಶೇ. 60 ಕನ್ನಡ. ಒಳಗೆ ಮೆನುವಿನಲ್ಲಿ ಸೊನ್ನೆ. ಊರಲ್ಲಿ ಪಂಚಾಯತಿನ ಒಂದು ಫಾರ್ಮು ಕನ್ನಡದಲ್ಲಿ ಬೇಕೆಂದು ಅರ್ಜಿ ಬರೆದು ಬರೆದು ನನ್ನ ಅರ್ಧ ಆಯುಸ್ಸು ಹೋಗಿದೆ. ಇಲ್ಲಿ ಮತ್ತೊಂದು ಬರೆಯಲು ಕೈ ಎತ್ತಿತು. ಹೆಂಡತಿ ಹಿಡಿದುಕೊಂಡಳು.

ಮಾಣಿ ಬಂದು ಯಾವ ನೀರು ಎಂದು ಹಿಂದಿಯಲ್ಲಿ ಕೇಳಿದ. ನೀರಿನಲ್ಲೂ ಯಾವುದು ಎಂಬುದು ಅಮ್ಮನಿಗೆ ಹೊಸತು. ಅಪ್ಪ ಮಾತ್ರ ಗಂಭೀರವಾಗಿ, "ಸುರಂಗದ್ದು ಉಂಟಾ?" ಎಂದರು. ನಮ್ಮಲ್ಲಿ ಗುಡ್ಡಕ್ಕೆ ಅಡ್ಡವಾಗಿ ಮುರಕಲ್ಲು ಕೊರೆದು ಒಳಗಿಂದ ನೀರು ಹರಿಸುತ್ತಾರೆ. ಅಜ್ಜ ಕೊರೆಸಿದ ಸುರಂಗ ಇಂದಿಗೂ ಬತ್ತಿಲ್ಲ. ತಮ್ಮ ಅದನ್ನು ತರ್ಜುಮೆ ಮಾಡಿ ಹೇಳಿದ. ಮಾಣಿ ಯೋಚಿಸಿ, "ಇಂಪೋರ್ಟೆಡ್ ಬ್ರ್ಯಾಂಡಾ ಸರ್?" ಎಂದ. ಕೊನೆಗೆ ಬಂದದ್ದು ಬಾಟಲಿ. ಮೇಲೆ ಅಚ್ಚಾದ ಬೆಲೆ ಒಂದು, ಬಿಲ್ಲಿನ ಬೆಲೆ ಇನ್ನೊಂದು. ಹೋಟೆಲಿನವರು ಹಾಗೆ ಮಾಡಬಹುದು ಎಂದು 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಾವು ಕುಡಿದೆವು.

ಕೊನೆಗೆ ಸಿಹಿ ಬಂತು. ಅಂಗೈಗಿಂತ ದೊಡ್ಡ ಕಪ್ಪು ಕಲ್ಲಿನ ಮೇಲೆ ಒಂದು ಕಡೆ ಹೂರಣದ ಉಂಡೆ, ಇನ್ನೊಂದು ಕಡೆ ಗರಿಗರಿ ಕಣಕದ ಚೂರು, ಮೂರನೇ ಕಡೆ ಒಂದು ತೊಟ್ಟು ತುಪ್ಪ. ಇದು "ಡೀಕನ್‌ಸ್ಟ್ರಕ್ಟೆಡ್ ಹೋಳಿಗೆ" ಎಂದರು. ಅಮ್ಮ ಬಗ್ಗಿ ನೋಡಿ, "ಹೋದ ವರ್ಷ ತಿಥಿಯಲ್ಲಿ ಹೋಳಿಗೆ ಒಡೆಯಿತೆಂದು ಆ ಭಟ್ರಿಗೆ ಎಷ್ಟು ಬೈದೆವಪ್ಪಾ" ಎಂದು ನೊಂದುಕೊಂಡರು.

ಬಿಲ್ಲಿನಲ್ಲಿ ಸೇವಾ ಶುಲ್ಕವೂ ಇತ್ತು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದಿದೆ. ಬಾಯಿ ತೆರೆದೆ. ತಮ್ಮ ಮೇಜಿನಡಿ ಕಾಲು ಒತ್ತಿದ. ಸ್ಪೆಷಲ್ ದಿನ ಚೌಕಾಸಿ ಮಾಡಬಾರದಂತೆ. ಅಪ್ಪ ಕನ್ನಡಕ ಏರಿಸಿ ಮೊತ್ತ ನೋಡಿದರು. "ಹತ್ತಿರ ಹತ್ತಿರ ಒಂದು ಗೋಣಿ ಹಳೆ ಚಾಲಿ" ಎಂದರು. ಸಿಟ್ಟಾಗಿದ್ದಾರೆಂದು ನಾವು ಹೆದರಿದೆವು. ಮುಖ ನೋಡಿದರೆ ಮೀಸೆಯಡಿ ನಗು.

ಅದು ಯಾಕೆಂದು ಊರಿಗೆ ಬಂದ ನಾಲ್ಕನೇ ದಿನ ಗೊತ್ತಾಯಿತು. ಪಕ್ಕದ ಮನೆಯ ಪೂಜೆ. ಪಂಕ್ತಿಯಲ್ಲಿ ಅಪ್ಪನ ಬಲಕ್ಕೆ ನಾನು, ಎಡಕ್ಕೆ ಆ ಮನೆಯ ಮಾವ. ಸಾರು ಬರುವ ಮೊದಲೇ ಅಪ್ಪ ಶುರು ಮಾಡಿದರು. ತಿಂದದ್ದು ಏನೆಂದು ಒಂದು ಮಾತಿಲ್ಲ. ಒಂದು ಗೋಣಿ ಚಾಲಿ, ತೆರಿಗೆ 18, ತಲೆಗೆ ಸಾವಿರ ಮುಂಗಡ ಎಂದು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು. ಬಡಿಸುವವನು ಪಾಯಸದ ಸೌಟು ಹಿಡಿದು ಹಾಗೆಯೇ ನಿಂತ.

ಕೈ ತೊಳೆಯಲು ಎದ್ದಾಗ ಆ ಮಾವ ನನ್ನನ್ನು ಬದಿಗೆ ಕರೆದರು. ಅವರಿಗೆ ಬರುವ ವರ್ಷ ಷಷ್ಟಿಪೂರ್ತಿ, ಮಗಳು ಬೆಂಗಳೂರಲ್ಲೇ. ಆಚೆ ಈಚೆ ನೋಡಿ, ಸಣ್ಣ ದನಿಯಲ್ಲಿ ಕೇಳಿದರು.

"ಮಾರಾಯ, ಅದಕ್ಕಿಂತ ಜಾಸ್ತಿಯದ್ದು ಯಾವುದಾದರೂ ಉಂಟಾ? ಒಂದೂವರೆ ಗೋಣಿಯಾದರೂ ಅಡ್ಡಿಯಿಲ್ಲ."